ಲಿಬ್ರೆಆಫೀಸ್ ಬಿಲ್ಡ್: 74 ಕೇಳಿದರೆ 76 ಕೊಡುವ ಕಂಪೈಲರ್

ಲಿಬ್ರೆಆಫೀಸನ್ನು ಸೋರ್ಸ್ ಕೋಡಿನಿಂದ ನಾನೇ ಬಿಲ್ಡ್ ಮಾಡ್ತಿದ್ದೆ, ಅಂತೂ ಲಿಂಕ್ ಆಯಿತು! ರೈಟರ್ ತೆರೆದುಕೊಂಡಿದೆ, ಮೆನುಗಳೆಲ್ಲ ಕನ್ನಡದಲ್ಲೇ ಇವೆ. ಕ್ಲೋನ್ ಮಾಡುವುದು, ಡಿಪೆಂಡೆನ್ಸಿ ಹಾಕುವುದು, ಬಿಲ್ಡ್ ಸಿದ್ಧಪಡಿಸುವ ಆಟೋಜೆನ್ ಸ್ಕ್ರಿಪ್ಟ್‌ಗೆ ಕನ್ನಡ ಬೇಕು ಅಂತ ಹೇಳುವುದು ಎಲ್ಲ ನಿಮಗೆ ಗೊತ್ತಿರೋದೇ. ಈ ಸಲ ಬರೀ ಐಸಿಯು ಪುರಾಣ, ಅಂದರೆ ಯೂನಿಕೋಡ್ ಪಠ್ಯ ಸಂಭಾಳಿಸುವ ಲೈಬ್ರರಿಯ ಕಥೆ.

ಒತ್ತಕ್ಷರದ ಮೇಲೆ ಕರ್ಸರ್ ಹೇಗೆ ಓಡಾಡುತ್ತೆ ಅಂತ ಡೀಬಗರ್ ಹಾಕಿ ನೋಡುವ ಆಸೆ ನನಗೆ. ಐಸಿಯು ಅಷ್ಟನ್ನೂ ಮನೆಯಲ್ಲೇ ಕಂಪೈಲ್ ಮಾಡುತ್ತಾ ಯಾರು ಕೂರ್ತಾರೆ? ಉಬುಂಟು 24.04ರಲ್ಲಿ ಅದರ 74ನೇ ಆವೃತ್ತಿ ಇದೆಯಲ್ಲ, ಅದನ್ನೇ ಬಳಸು ಅಂತ ಸಿಸ್ಟಮ್ ಐಸಿಯು ಆಯ್ಕೆ ಕೊಟ್ಟೆ. ಕಂಪೈಲ್ ಎಲ್ಲ ಸಲೀಸಾಗಿ ಆಯಿತು. ಭಾಷೆಗಳ ಕೆಲಸ ನೋಡುವ ಐ18ಎನ್‌ಪೂಲ್ ಮಾಡ್ಯೂಲ್ ಲಿಂಕ್ ಆಗುವಾಗ, ಕಂಪೈಲ್ ಆದ ತುಂಡುಗಳನ್ನು ಜೋಡಿಸುವ ಲಿಂಕರ್ ಕೈ ಎತ್ತಿತು: ಯುಬಿಆರ್‌ಕೆ_ಓಪನ್_76 ಅನ್ನೋ ಫಂಕ್ಷನ್ ಎಲ್ಲೂ ಇಲ್ಲವಂತೆ.

ಆ ಕೊನೆಯ 76 ನೋಡಿ. ಐಸಿಯು ತನ್ನ ಪ್ರತಿ ಫಂಕ್ಷನ್ ಹೆಸರಿಗೂ ಆವೃತ್ತಿ ಸಂಖ್ಯೆ ಅಂಟಿಸುತ್ತೆ. ಒಂದೇ ಪ್ರೋಗ್ರಾಮ್‌ನಲ್ಲಿ ಎರಡು ಆವೃತ್ತಿ ಬೆರೆತು ಎಡವಟ್ಟಾಗಬಾರದು ಅಂತ. ಒಳ್ಳೆಯದೇ. ಆದರೆ ನನ್ನ ಮಷೀನಿನಲ್ಲಿ 76 ಬಂದಿದ್ದು ಎಲ್ಲಿಂದ?

ಹಿಂದೆ ಯಾವುದೋ ಫಾಂಟ್ ಟೂಲ್ ಹಾಕಿದ್ದೆ. ಅದರ ಇನ್‌ಸ್ಟಾಲರ್ ತನ್ನದೇ ಐಸಿಯು ತಂದು /ಯುಎಸ್ಆರ್/ಲೋಕಲ್‌ನಲ್ಲಿ ಸುರಿದಿತ್ತು. ಅನ್‌ಇನ್‌ಸ್ಟಾಲ್ ಮಾಡಿದಾಗ ಲೈಬ್ರರಿಗಳನ್ನಷ್ಟೇ ಅಳಿಸಿ, ಹೆಡರ್ (ಫಂಕ್ಷನ್ ಹೆಸರುಗಳ ಪಟ್ಟಿ) ಮತ್ತು ಪಿಸಿ (ಲೈಬ್ರರಿ ಎಲ್ಲಿದೆ ಅಂತ ಹೇಳುವ) ಫೈಲುಗಳನ್ನು ಹಾಗೇ ಬಿಟ್ಟು ಹೋಗಿದೆ. ಊಟ ಮುಗಿಸಿ ಎಲೆ ಎತ್ತದೆ ಎದ್ದು ಹೋದ ಹಾಗೆ. ಆ ಟೂಲ್ ಮಾಡಿದವರಿಗೆ ಮೇಲ್ ಹಾಕಿದರೆ ಬಂದ ಉತ್ತರ: ಇನ್ನೊಮ್ಮೆ ಇನ್‌ಸ್ಟಾಲ್ ಮಾಡಿ ನೋಡಿ. ಆಹಾ.

ಸರಿ, ಈ ಪಿಸಿ ಫೈಲುಗಳನ್ನು ಓದುವ ಪಿಕೆಜಿ-ಕಾನ್ಫಿಗ್‌ಗೆ ಪಿಸಿಫೈಲ್‌ಡಿರ್ ಅನ್ನೋ ವೇರಿಯಬಲ್ ಕೇಳಿ ನೋಡಿ, ಯಾವ ಫೋಲ್ಡರಿನ ಫೈಲು ಓದಿದೆ ಅಂತ ಹೇಳುತ್ತೆ. ಲೋಕಲ್ ಅಂತ ಬಂತು. ಉಬುಂಟು ಸೇರಿದ ಡೆಬಿಯನ್ ವಂಶದಲ್ಲಿ ಹುಡುಕಾಟ ಶುರುವಾಗೋದೇ ಅಲ್ಲಿಂದ. ಪಿಕೆಜಿ_ಕಾನ್ಫಿಗ್_ಪಾತ್ ಕೊಟ್ಟರೆ ಇರುವ ಪಟ್ಟಿಯ ಮುಂದೆ ಸೇರುತ್ತೆ ಅಷ್ಟೇ. ನನಗೆ ಅದು ಲೋಕಲ್ ಕಡೆ ತಲೆ ಹಾಕೋದೇ ಬೇಡ. ಅದಕ್ಕೆ ಪಿಕೆಜಿ_ಕಾನ್ಫಿಗ್_ಲಿಬ್‌ಡಿರ್, ಅದು ಇಡೀ ಪಟ್ಟಿಯನ್ನೇ ಬದಲಿಸುತ್ತೆ. ಮತ್ತೆ ಆಟೋಜೆನ್. ಈಗ ಐಸಿಯು 74 ಅಂತ ಬಂತು. ಖುಷಿಯಿಂದ ಮೇಕ್ ಹೊಡೆದೆ. ಮತ್ತದೇ 76!

ಇಲ್ಲಿ ತಲೆ ಕೆಟ್ಟಿತು. ಹಿಂದೆ ಕಂಪೈಲ್ ಆದದ್ದನ್ನು ನೆನಪಿಟ್ಟು ಮತ್ತೆ ಕೊಡುವ ಸಿಕ್ಯಾಶ್ ಮೇಲೆ ಅನುಮಾನ ಬಂತು. ಪಾಪ, ಅದರದೇನೂ ಇರಲಿಲ್ಲ. ಜಿಸಿಸಿ ಬಳಗದ ಸಿ++ ಕಂಪೈಲರ್ ಆದ ಜಿಪ್ಲಸ್‌ಪ್ಲಸ್‌ಗೆ ದೊಡ್ಡ ಹೆಚ್ ಫ್ಲ್ಯಾಗ್ ಕೊಟ್ಟು, ಯಾವ ಹೆಡರ್ ಎಲ್ಲಿಂದ ಬರ್ತಿದೆ ಅಂತ ನೋಡಿದೆ. ಯೂನಿಕೋಡ್ ಫೋಲ್ಡರಿನ ಹೆಡರ್‌ಗಳೆಲ್ಲ ಇನ್ನೂ ಲೋಕಲ್‌ನಿಂದಲೇ! ಕಾರಣ ಇಷ್ಟೆ. ಸಿಸ್ಟಮ್ ಐಸಿಯು ಹೆಡರ್ ಇರುವುದು /ಯುಎಸ್ಆರ್/ಇನ್‌ಕ್ಲೂಡ್‌ನಲ್ಲಿ. ಅದು ಮಾಮೂಲಿ ಜಾಗ ಅಂತ ಪಿಕೆಜಿ-ಕಾನ್ಫಿಗ್ ಯಾವ ಫ್ಲ್ಯಾಗನ್ನೂ ಕೊಡೋದಿಲ್ಲ. ಫ್ಲ್ಯಾಗ್ ಇಲ್ಲದಿದ್ದರೆ ಜಿಸಿಸಿ ತನ್ನ ಪಟ್ಟಿ ಪ್ರಕಾರ ಹುಡುಕುತ್ತೆ. ಆ ಪಟ್ಟಿಯಲ್ಲಿ ಲೋಕಲ್‌ನ ಇನ್‌ಕ್ಲೂಡ್ ಮೊದಲು. ಅಂದರೆ ಕಾನ್ಫಿಗರ್ ಹೇಳಿದ್ದು ನಿಜ, ಕಂಪೈಲರ್ ಅದನ್ನು ಕೇಳಲೇ ಇಲ್ಲ.

ಲೋಕಲ್‌ನಲ್ಲಿದ್ದ ಆ ಯೂನಿಕೋಡ್ ಫೋಲ್ಡರಿಗೆ ಬೇರೆ ಹೆಸರು ಕೊಟ್ಟೆ. ಮೇಕ್. ಮತ್ತೆ 76! ಲ್ಯಾಪ್‌ಟಾಪ್ ಮುಚ್ಚಿ ಕಾಫಿ ಕುಡಿದು ಬಂದೆ.

ಇದಕ್ಕೂ ಕಾರಣ ಇದೆ. ಯಾವ ಫೈಲಿಗೆ ಯಾವ ಹೆಡರ್ ಬೇಕು ಅನ್ನೋ ಪಟ್ಟಿಯನ್ನು ಲಿಬ್ರೆಆಫೀಸ್‌ನ ಬಿಲ್ಡ್ ವ್ಯವಸ್ಥೆ ಜಿಬಿಲ್ಡ್ ಬರೆಸೋದು ಎಂಎಂಡಿ ಫ್ಲ್ಯಾಗ್‌ನಿಂದ. ಸಿಸ್ಟಮ್ ಹೆಡರ್‌ಗಳನ್ನು (ಲೋಕಲ್‌ನವೂ ಅದೇ ಗುಂಪು) ಆ ಫ್ಲ್ಯಾಗ್ ಲೆಕ್ಕಕ್ಕೇ ತಗೊಳ್ಳೋದಿಲ್ಲ. ಹೆಡರ್ ಬದಲಾದದ್ದು ಮೇಕ್‌ಗೆ ಗೊತ್ತಾಗೋದು ಹೇಗೆ? ಹಳೇ ಆಬ್ಜೆಕ್ಟ್ ಫೈಲುಗಳನ್ನೇ ತಂದು ಜೋಡಿಸಿತು. ಇಡೀ ಕ್ಲೀನ್ ಮಾಡಿದರೆ ರಾತ್ರಿಯೆಲ್ಲ ಕಾಯಬೇಕು. ಮೇಕ್‌ಗೆ ಮಾಡ್ಯೂಲ್ ಹೆಸರಿನ ಕೊನೆಗೆ ಚುಕ್ಕಿ ಇಟ್ಟು ಕ್ಲೀನ್ ಅಂತ ಸೇರಿಸಿ ಕೊಟ್ಟರೆ ಅದೊಂದೇ ಕ್ಲೀನ್ ಆಗುತ್ತೆ. ಐ18ಎನ್‌ಪೂಲ್ ಆಯಿತು, ಆಮೇಲೆ ಐಸಿಯು ಮುಟ್ಟುವ ವಿಸಿಎಲ್ ಮತ್ತಿತರ ಮಾಡ್ಯೂಲ್‌ಗಳೂ ಆದವು. ಅಲ್ಲಿಗೆ ಲಿಂಕ್.

ಲಿಂಕ್ ಹಂತದಲ್ಲಿ 8 ಜಿಬಿ ರ‍್ಯಾಮ್ ಉಸಿರು ಬಿಡೋದು ಬೇರೆ ಕಥೆ. ಇನ್ನೊಂದು ಸ್ಟಿಕ್ ತರಿಸಿಕೊಡ್ತೀನಿ ಅಂದ ಅಂಗಡಿಯವರು ಪ್ರತಿ ಸಲ "ಸೋಮವಾರ ಬನ್ನಿ ಸಾರ್" ಅಂತಾರೆ. ಯಾವ ಸೋಮವಾರ ಅಂತ ಮಾತ್ರ ಹೇಳಲ್ಲ.

ಮುಂದಿನ ಕೆಲಸ ತಲೆಯಲ್ಲಿ ಕೊರೀತಾ ಇದೆ. 2023ರ ಯೂನಿಕೋಡ್ 15.1ರಲ್ಲಿ ಜಿಬಿ9ಸಿ ಅನ್ನೋ ನಿಯಮ ಬಂತು. ವಿರಾಮದಿಂದ (ಅಂದರೆ ಒತ್ತಕ್ಷರ ಮಾಡಿಸುವ ಹಲಂತ ಚಿಹ್ನೆಯಿಂದ) ಸೇರಿದ ವ್ಯಂಜನಗಳನ್ನು ಒಂದೇ ಅಕ್ಷರವಾಗಿ ಎಣಿಸೋದು ಅದರ ಕೆಲಸ. ಆ ನಿಯಮ ಅನ್ವಯಿಸುವ ಲಿಪಿಗಳ ಪಟ್ಟಿಗೆ ಬಂಗಾಳಿ, ದೇವನಾಗರಿ, ಗುಜರಾತಿ, ಮಲಯಾಳಂ, ಒಡಿಯಾ, ತೆಲುಗು ಸೇರಿದವು. ಪಕ್ಕದ ತೆಲುಗು ಒಳಗೆ, ಕನ್ನಡ ಹೊರಗೆ! ಅಂದರೆ ಆ ಲೆಕ್ಕದಲ್ಲಿ ನಮ್ಮ "ಸ್ತ್ರೀ" ಮೂರು ತುಂಡು. ಐಸಿಯು ನಿಯಮಕ್ಕೆ ಕನ್ನಡವನ್ನೂ ಸೇರಿಸಿ, ರ‍್ಯಾಂಕ್, ಸೂರ್ಯ, ರಾಷ್ಟ್ರ ಎಲ್ಲ ಇರೋ ಪರೀಕ್ಷಾ ಪಟ್ಟಿ ಓಡಿಸಿ ನೋಡಬೇಕು. ಅದಕ್ಕೆ ಐಸಿಯು ನಾನೇ ಬಿಲ್ಡ್ ಮಾಡಬೇಕು, ಗೊತ್ತು. ಆದರೆ ಅದು ಹೋಮ್ ಫೋಲ್ಡರಿನಲ್ಲೇ ಇರುತ್ತೆ, ಲೋಕಲ್‌ಗೆ ಒಂದು ಫೈಲೂ ಹೋಗಲ್ಲ.