ತಾರಸಿ ಮೇಲಿನ ಶಂಕು, ಎಂಟು ತಿಂಗಳ ಚುಕ್ಕೆಗಳು

ನವೆಂಬರ್ 3, 2024

ಬಲಿಪಾಡ್ಯಮಿ ಕಳೆದ ಮಾರನೆಯ ಭಾನುವಾರ. ನಡುಹಗಲ ನೆರಳು ಅಳೆದು ಸೂರ್ಯನ ಹಾದಿ ಹಿಡಿಯೋಣವೆಂದು ತಾರಸಿ ಮೇಲೆ ಹಳೇ ಪೇಂಟ್ ಬಕೆಟ್ಟಿಗೆ ಕಾಂಕ್ರೀಟ್ ತುಂಬಿ ಜಿಐ ಪೈಪ್ ನಿಲ್ಲಿಸಿದೆ. ಇದೇ ನನ್ನ ಶಂಕು, ಅಂದರೆ ನೆರಳಿನ ಕೋಲು. ನೆಲದಿಂದ ತುದಿಗೆ ಸರಿಯಾಗಿ 1 ಮೀಟರ್. ಮೇಸ್ತ್ರಿಯಿಂದ ಗುಂಡು ಕೇಳಿ ತಂದು ನೆಟ್ಟಗೆ ಮಾಡಿದ್ದಾಯಿತು. ಆಮೇಲೆ ರಸಮಟ್ಟ ಇಟ್ಟು ನೋಡಿದರೆ ತಾರಸಿಯೇ ವಾಲಿದೆ! ಮಳೆನೀರು ಹರಿಯಲೆಂದು ಇಳಿಜಾರು ಕೊಟ್ಟಿರುತ್ತಾರೆ, ಅದು ಹೊಳೆದಿರಲಿಲ್ಲ. ಮರಳು ಹಾಸಿ ಎರಡು ಕಡಪ ಕಲ್ಲು ಕೂರಿಸಿದೆ, ನಾಲ್ಕಡಿ ಚದರ.

ಕಂಬಿ, ಪೈಪುಗಳ ನಡುವೆ ದಿಕ್ಸೂಚಿಯನ್ನು ನಂಬುವ ಹಾಗಿಲ್ಲ. ಹಳೇ ಉಪಾಯವೇ ಗತಿ: ಪೈಪಿನ ಸುತ್ತ ವೃತ್ತ ಎಳೆದು, ನೆರಳ ತುದಿ ಬೆಳಗ್ಗೆ ಅದನ್ನು ದಾಟಿ ಒಳಬಂದ ಕಡೆ ಒಂದು ಚುಕ್ಕೆ, ಮಧ್ಯಾಹ್ನ ಹೊರಹೋದ ಕಡೆ ಇನ್ನೊಂದು. ಎರಡನ್ನೂ ಸೇರಿಸಿದರೆ ಪೂರ್ವ-ಪಶ್ಚಿಮ, ಅದಕ್ಕೆ ಲಂಬವಾಗಿ ಎಳೆದರೆ ಉತ್ತರದ ಗೆರೆ. ನೆರಳು ಅತಿ ಗಿಡ್ಡವಾದದ್ದು 12.03ಕ್ಕೆ. ಗಡಿಯಾರದ ನಡುಹಗಲಿಗೆ ಎಷ್ಟು ಹತ್ತಿರ ಎಂದು ಖುಷಿಪಟ್ಟೆ. ಮೂರ್ಖತನ.

ನವೆಂಬರ್ 28

12.03ಕ್ಕೆ ನೆರಳು ಇನ್ನೂ ಉತ್ತರದ ಗೆರೆಗೆ ಬಂದೇ ಇರಲಿಲ್ಲ. ಬಂದದ್ದು 12.08ಕ್ಕೆ. ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ಬೆಂಗಳೂರಿನ ನಮ್ಮ ವಿಜಯನಗರ ಇರುವುದು 77.5ರಲ್ಲಿ, ಹಾಗಾಗಿ ಸೂರ್ಯ ಇಲ್ಲಿಗೆ ಇಪ್ಪತ್ತು ನಿಮಿಷ ತಡ. ಆದರೆ ಭೂಮಿಯ ಓರೆ ಮತ್ತು ಅಂಡಾಕಾರದ ಹಾದಿಯಿಂದಾಗಿ ನವೆಂಬರ್ ಮೊದಲ ವಾರ ಅವನು ಹದಿನಾರು ನಿಮಿಷ ಮುಂದಿರುತ್ತಾನೆ. ಎರಡೂ ಹೆಚ್ಚುಕಡಿಮೆ ವಜಾ ಆಗುವ ವಾರದಲ್ಲೇ ನಾನು ಶುರುಮಾಡಿದ್ದೆ. ಇನ್ನು ಮೇಲೆ ನಿಮಿಷ ಲೆಕ್ಕ ಬೇಡ, ಹನ್ನೆರಡರಿಂದ ಐದೈದು ನಿಮಿಷಕ್ಕೆ ಚುಕ್ಕೆಯಿಟ್ಟು ಅತಿ ಗಿಡ್ಡದ್ದನ್ನು ಉಳಿಸಿಕೊಳ್ಳುವುದು.

ಇನ್ನೊಂದು ತಲೆನೋವು, ನೆರಳಿನ ಅಂಚು ಒಂದು ಸೆಂ.ಮೀ.ಗಿಂತ ಹೆಚ್ಚು ಮಬ್ಬು. ಲಗ್ನಪತ್ರಿಕೆಯ ದಪ್ಪ ಕಾಗದಕ್ಕೆ ತೂತು ಮಾಡಿ ತುದಿಗೆ ಕಟ್ಟಿದ್ದೇನೆ. ಕಲ್ಲಿನ ಮೇಲೆ ಈಗ ಪುಟ್ಟ ಸೂರ್ಯನೇ ಬೀಳುತ್ತಾನೆ, ಅವನ ನಡುವಿಗೆ ಚುಕ್ಕೆ. ಇವತ್ತಿನ ನೆರಳು 68.3 ಸೆಂ.ಮೀ.

ಡಿಸೆಂಬರ್ 26

ಇಷ್ಟೆಲ್ಲ ಮಾಡಿದ್ದು 21ನೇ ತಾರೀಕನ್ನು, ಸೂರ್ಯ ದಕ್ಷಿಣದ ಕೊನೆ ಮುಟ್ಟಿ ಉತ್ತರಕ್ಕೆ ತಿರುಗುವ ದಿನವನ್ನು, ಹಿಡಿಯಲು. ಹಿಡಿಯಲಾಗಲಿಲ್ಲ. 17ರಿಂದ 26ರವರೆಗಿನ ಚುಕ್ಕೆಗಳೆಲ್ಲ 73.5ರ ಆಸುಪಾಸಿನಲ್ಲಿ ಒಂದರ ಮೇಲೊಂದು ಕೂತು ಶಾಯಿಯ ಕಲೆಯಾಗಿದೆ. ಸೂರ್ಯ ತಿರುಗುವ ಮುಂಚೆ ನಿಲ್ಲುತ್ತಾನೆ. ಐದು ದಿನಕ್ಕೆ ಎರಡು ಮಿ.ಮೀ. ಸರಿದರೆ ಹೆಚ್ಚು.

ಜನವರಿ 14, 2025

ಎಳ್ಳು ಬೀರಲು ಹೊರಟಿದ್ದ ಅಮ್ಮ, "ಇವತ್ತಿಂದ ಉತ್ತರಾಯಣ ಕಣೋ, ನಿನ್ನ ಕೋಲು ಏನನ್ನುತ್ತೆ?" ಎಂದರು. 24 ದಿನ ಮೊದಲೇ ತಿರುಗಿಯಾಯಿತು ಅನ್ನುತ್ತೆ ಅಂದೆ. ಸಂಕ್ರಾಂತಿಯನ್ನು ನಕ್ಷತ್ರಗಳ ಹಿನ್ನೆಲೆಯಲ್ಲಿ ಎಣಿಸುತ್ತೇವೆ, ನೆರಳಿಗೆ ನಕ್ಷತ್ರದ ಹಂಗಿಲ್ಲ. ಭೂಮಿಯ ಅಕ್ಷ ಬುಗುರಿಯಂತೆ ತೊನೆಯುವುದರಿಂದ ಎರಡರ ನಡುವೆ ಸುಮಾರು 72 ವರ್ಷಕ್ಕೆ ಒಂದು ದಿನ ಅಂತರ ಬೀಳುತ್ತದೆ. ಹದಿನೇಳು ಶತಮಾನದ ಹಿಂದೆ ಅಮ್ಮನ ಮಾತೂ ಕೋಲಿನ ಮಾತೂ ಒಂದೇ ಆಗಿರುತ್ತಿದ್ದವು. ಅಮ್ಮ, "ಸರಿ, ಹಾಗಾದರೆ ಇವತ್ತು ಎಳ್ಳು ತಿನ್ನಬೇಡ" ಎಂದು ಹೊರಟೇಬಿಟ್ಟರು.

ಮಧ್ಯಾಹ್ನ 12.28ಕ್ಕೆ ಚುಕ್ಕೆಯಿಟ್ಟೆ. ಅದು ನವೆಂಬರ್ 28ರ ಚುಕ್ಕೆಯ ಮೇಲೇ ಬಿತ್ತು, 68.3! ಹೋಗುವಾಗ ತುಳಿದ ಹೆಜ್ಜೆಯನ್ನೇ ಬರುವಾಗಲೂ ತುಳಿದಿದ್ದಾನೆ. ನಡುವೆ 47 ದಿನ, ಅರ್ಧ ಮಾಡಿದರೆ ಇಪ್ಪತ್ಮೂರೂವರೆ, ಅಂದರೆ ತಿರುವು ಡಿಸೆಂಬರ್ 21ರ ನಡುರಾತ್ರಿ. ಖಗೋಳ ಲೆಕ್ಕದಲ್ಲಿ ಅದೇ ದಿನ ಮಧ್ಯಾಹ್ನ 2.50. ಪೇಂಟ್ ಬಕೆಟ್ಟಿಗೆ ಒಂಬತ್ತು ಗಂಟೆಯ ತಪ್ಪು ಮಾಫಿ. ನಿಂತವನನ್ನು ಹಿಡಿಯಲಾಗದು, ನಡೆಯುವಾಗಿನ ಎರಡು ಹೆಜ್ಜೆ ಸಿಕ್ಕರೆ ಸಾಕು.

ಫೆಬ್ರವರಿ

ನೆರಳು ದಿನಕ್ಕೆ ಏಳು ಮಿ.ಮೀ. ಓಡುತ್ತಿದೆ. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಯಿತು.

ಮಾರ್ಚ್ 20

ಮೇಲೆ ಹೋದರೆ ಕಲ್ಲಿನ ತುಂಬ ಸಂಡಿಗೆ! ಬೇಡಿಕೊಂಡು ಜಾಗ ಬಿಡಿಸಿಕೊಂಡೆ. ಹತ್ತೂವರೆಯಿಂದ ಎರಡೂಕಾಲರವರೆಗೆ ಕಾಲು ಗಂಟೆಗೊಂದು ಚುಕ್ಕೆ, ಆಮೇಲೆ ನೂಲು ಹಿಡಿದು ನೋಡಿದೆ: ಹದಿನಾರೂ ಒಂದೇ ಗೆರೆ. ಬೇರೆ ದಿನಗಳಲ್ಲಿ ನೆರಳ ತುದಿಯ ಹಾದಿ ಬಾಗಿರುತ್ತದೆ, ಯಾಕೆಂದರೆ ಸೂರ್ಯ ಪೈಪಿನ ತುದಿಯ ಸುತ್ತ ಆಲಿಕೆಯಾಕಾರದಲ್ಲಿ ಸುತ್ತುತ್ತಾನೆ. ವಿಷುವದ ದಿನ ಮಾತ್ರ ಆ ಆಲಿಕೆ ಚಪ್ಪಟೆಯಾಗಿ ನೆಲವನ್ನು ನೇರ ಗೆರೆಯಲ್ಲಿ ಕತ್ತರಿಸುತ್ತದೆ. ಹಗಲು-ರಾತ್ರಿ ಸಮ ಎನ್ನುವುದಕ್ಕಿಂತ ನನಗೆ ಇದೇ ಹೆಚ್ಚು ನಂಬಿಕೆಯ ಗುರುತು. ಗಾಳಿ ಬೆಳಕನ್ನು ಬಾಗಿಸುವುದರಿಂದಲೂ ಬಿಂಬದ ಮೇಲಂಚು ಕಂಡರೆ ಉದಯ ಎನ್ನುವುದರಿಂದಲೂ ಇವತ್ತು ಇಲ್ಲಿ ಹಗಲೇ ಆರೇಳು ನಿಮಿಷ ಜಾಸ್ತಿ.

ನಡುಹಗಲಿನ ನೆರಳು 23.2 ಸೆಂ.ಮೀ. ಅದರಿಂದ ಅಕ್ಷಾಂಶ 13.06 ಡಿಗ್ರಿ ಬಂತು. ಇರಬೇಕಾದದ್ದು 12.97. ನನ್ನ ಲೆಕ್ಕದಲ್ಲಿ ನಮ್ಮ ಮನೆ ಉತ್ತರಕ್ಕೆ ಜಾಲಹಳ್ಳಿ ಹತ್ತಿರ ಹೋಗಿ ಕೂತಿದೆ.

ಏಪ್ರಿಲ್ 24

12.17, ನೆರಳಿಲ್ಲ. ತೂತಿನ ಸೂರ್ಯ ಬಕೆಟ್ಟಿನ ಕಾಂಕ್ರೀಟ್ ಮೇಲೇ ಬಿದ್ದ. ನಾಳೆಯಿಂದ ಆಗಸ್ಟ್ 18ರವರೆಗೆ ನಡುಹಗಲ ನೆರಳು ದಕ್ಷಿಣಕ್ಕೆ. ನಮ್ಮ ಕಡುಬೇಸಿಗೆ ಈಗಲೇ, ಸೂರ್ಯ ಕರ್ಕಾಟಕ ವೃತ್ತಕ್ಕೆ ಮುಟ್ಟುವ ಹೊತ್ತಿಗೆ ಇಲ್ಲಿ ಮುಂಗಾರು.

ಜುಲೈ 2

ಜೂನ್ 21ಕ್ಕೆ ಮೋಡ. ಈ ಕಾಲದಲ್ಲಿ ಸೂರ್ಯ ಆರ್ದ್ರೆಗೆ ಬರುವುದೂ ಆ ಹೊತ್ತಿಗೇ. ಆದರೆ ಆರಿದ್ರ, ಇಲ್ಲದಿದ್ದರೆ ದರಿದ್ರ ಅನ್ನುವ ಮಳೆ. ನನ್ನ ಕಲ್ಲಿಗಾಗಿ ನಿಲ್ಲು ಎಂದು ಕೇಳುವುದಾದರೂ ಹೇಗೆ? 26ರಂದು ಎರಡು ನಿಮಿಷ ಬಿಸಿಲು ಬಂತು, ದಕ್ಷಿಣಕ್ಕೆ 18.3. ಸೂರ್ಯ ನಿಂತಿರುವ ವಾರ, ಐದು ದಿನ ತಡವಾದರೂ ನಷ್ಟವಿಲ್ಲ.

ತಿರುವಿನ ದಿನ ಬೇಕಿದ್ದರೆ ಮತ್ತೆ ಜೋಡಿಯೇ ಬೇಕು. ಮೇ 28ರ ಚುಕ್ಕೆ ಇದೆ. ಅದರ ಜೋಡಿ ಜುಲೈ 15ರ ಆಸುಪಾಸಿನಲ್ಲಿ ಬೀಳಬೇಕು. ಶಾಯಿ ಅಳಿಸದಿರಲೆಂದು ಕಲ್ಲಿನ ಮೇಲೆ ಟಾರ್ಪಾಲು ಹೊದಿಸಿದ್ದೇನೆ, ಹನ್ನೆರಡಾದರೆ ತೆಗೆಯಲು ಓಡುತ್ತೇನೆ.