ವರ್ಜೀನಿಯಾ ಗುಡ್ಡಗಾಡಿನ ಬ್ಲೂಗ್ರಾಸ್: ವಾದ್ಯ ಹೊತ್ತು ಹೋಗುವವರಿಗೂ ಬರಿಗೈಯಲ್ಲಿ ಹೋಗುವವರಿಗೂ

ಅಮೆರಿಕದ ವರ್ಜೀನಿಯಾ ರಾಜ್ಯದ ನೈಋತ್ಯ ಮೂಲೆಗೆ ಬ್ಲೂಗ್ರಾಸ್ ಸಂಗೀತ ಕೇಳಲು ಹೋಗುವವರು ಗುರುವಾರ ಮಧ್ಯಾಹ್ನದೊಳಗೆ ಅಲ್ಲಿರುವಂತೆ ರಜೆ ಹಾಕಿಕೊಳ್ಳಿ. ಶನಿವಾರ ಬೆಳಿಗ್ಗೆ ಹೊರಟು ಭಾನುವಾರ ರಾತ್ರಿ ಮನೆ ಸೇರುವ ಲೆಕ್ಕಾಚಾರ ಇಲ್ಲಿ ನಡೆಯುವುದಿಲ್ಲ. ನಮ್ಮ ಕಡೆ ಸಂತೆಗೆ ಇರುವ ಹಾಗೆ ಈ ಊರುಗಳಲ್ಲಿ ಸಂಗೀತಕ್ಕೆ ವಾರ ಗೊತ್ತಾಗಿದೆ. ಗುರುವಾರ ಮೌಂಟ್ ಏರಿ, ಶುಕ್ರವಾರ ಫ್ಲಾಯ್ಡ್, ಶನಿವಾರ ಹಿಲ್ಟನ್ಸ್. ಆ ಸಂಜೆ ತಪ್ಪಿತೆಂದರೆ ಮುಂದಿನ ವಾರವೇ ಗತಿ.

ದೊಡ್ಡ ಹೆಸರಿನ ಕಲಾವಿದರ ಟಿಕೆಟ್ ಹಿಡಿದು ಅದರ ಸುತ್ತ ಪ್ರವಾಸ ಹೆಣೆಯುವವರೇ ಹೆಚ್ಚು. ನನ್ನ ಸಲಹೆ ಅದಕ್ಕೆ ತದ್ವಿರುದ್ಧ. ದೊಡ್ಡ ಹೆಸರಿನವರು ನೀವಿರುವ ನಗರಕ್ಕೂ ಒಂದು ದಿನ ಬಂದಾರು. ಅಂಗಡಿಯ ಮುಂದಿನ ಬೆಂಚಿನ ಮೇಲೆ ಕೂತು ಬ್ಯಾಂಜೋ ನುಡಿಸುವ ನಿವೃತ್ತ ಲಾರಿ ಚಾಲಕನನ್ನು ಕೇಳಬೇಕಾದರೆ ಮಾತ್ರ ಅಲ್ಲಿಗೇ ಹೋಗಬೇಕು.

ಈ ಸಂಗೀತ ಹೊಸದೆನಿಸುವವರಿಗೆ ಎರಡು ಮಾತು. ಕೆಂಟಕಿಯ ಬಿಲ್ ಮನ್ರೋ ತನ್ನ ತಂಡಕ್ಕೆ ‘ಬ್ಲೂ ಗ್ರಾಸ್ ಬಾಯ್ಸ್’ ಎಂದು ಹೆಸರಿಟ್ಟಿದ್ದ. 1945ರ ಡಿಸೆಂಬರಿನಲ್ಲಿ ಉತ್ತರ ಕೆರೊಲಿನಾದ ಅರ್ಲ್ ಸ್ಕ್ರಗ್ಸ್ ಎಂಬ ತರುಣ ಆ ತಂಡ ಸೇರಿದ. ಮೂರು ಬೆರಳಲ್ಲಿ ಮಳೆಗರೆದಂತೆ ಬ್ಯಾಂಜೋ ನುಡಿಸುವ ಅವನ ಕ್ರಮದಿಂದಲೇ ಇಂದು ನಾವು ಕೇಳುವ ರೂಪ ಗಟ್ಟಿಯಾಯಿತು. ಫಿಡಲ್, ಮ್ಯಾಂಡೊಲಿನ್, ಬ್ಯಾಂಜೋ, ಗಿಟಾರ್, ನಿಂತು ನುಡಿಸುವ ದೊಡ್ಡ ಬೇಸ್. ಡ್ರಮ್ ಇರುವುದಿಲ್ಲ. ಯು. ಶ್ರೀನಿವಾಸ್ ಅವರ ಮ್ಯಾಂಡೊಲಿನ್ ಕೇಳಿ ಬೆಳೆದ ಕಿವಿಗೆ ಇಲ್ಲಿಯ ಮ್ಯಾಂಡೊಲಿನ್ ಮೊದಲು ಒರಟಾಗಿಯೇ ಕೇಳಿಸುತ್ತದೆ. ತಂತಿಗಳನ್ನು ಒಟ್ಟಿಗೆ ಹೊಡೆದು ಮರುಕ್ಷಣವೇ ಎಡಗೈ ಬೆರಳು ಸಡಿಲಿಸಿ ನಾದವನ್ನು ಅಲ್ಲೇ ಕತ್ತರಿಸುತ್ತಾರೆ. ಎದುರು ಪೆಟ್ಟಿನ ಆ ‘ಚಕ್’ ಇಡೀ ತಂಡಕ್ಕೆ ತಾಳ.

ಇದಕ್ಕಿಂತ ಹಳೆಯದು ಓಲ್ಡ್‌ಟೈಮ್. ಬ್ಲೂಗ್ರಾಸ್‌ನ ಹಾಗೆ ಒಬ್ಬೊಬ್ಬರೇ ಮುಂದಾಗಿ ನುಡಿಸುವ ಸರದಿ ಅದರಲ್ಲಿ ಇಲ್ಲ, ಎಲ್ಲರೂ ಒಂದೇ ಮಟ್ಟನ್ನು ಕುಣಿತಕ್ಕಾಗಿ ಮತ್ತೆ ಮತ್ತೆ ನುಡಿಸುತ್ತಾರೆ. ಬ್ಯಾಂಜೋವನ್ನು ಉಗುರಿನ ಬೆನ್ನಿನಿಂದ ಕೆಳಮುಖವಾಗಿ ಹೊಡೆಯುತ್ತಾರೆ. ಈ ಬೆಟ್ಟಗಳಲ್ಲಿ ಎರಡೂ ಅಕ್ಕಪಕ್ಕದಲ್ಲೇ ಬದುಕಿವೆ. ಬಂದವರೆಲ್ಲ ವೃತ್ತವಾಗಿ ಕೂಡಿ ನುಡಿಸುವ ಕೂಟಕ್ಕೆ ಜಾಮ್ ಎನ್ನುತ್ತಾರೆ; ಕಾರ್ಯಕ್ರಮ ಪಟ್ಟಿಯಲ್ಲಿ ಯಾವ ಜಾಮ್ ಯಾವುದಕ್ಕೆ ಎಂದು ಬರೆದಿರುತ್ತಾರೆ, ನೋಡಿಕೊಂಡು ಹೋಗಿ. ಓಲ್ಡ್‌ಟೈಮ್ ವೃತ್ತದಲ್ಲಿ ಕುಳಿತು ಸ್ಕ್ರಗ್ಸ್ ಶೈಲಿಯ ವೇಗ ತೋರಿಸುವವರನ್ನು ಯಾರೂ ಗದರುವುದಿಲ್ಲ, ಆದರೆ ಮುಂದಿನ ಹಾಡಿಗೆ ಯಾರೂ ಅವರ ಮುಖ ನೋಡುವುದೂ ಇಲ್ಲ.

ನಾನಿರುವುದು ರಾಲಿ ಪಕ್ಕದ ಕ್ಯಾರಿಯಲ್ಲಿ. ಅಲ್ಲಿಂದ ಮೌಂಟ್ ಏರಿಗೆ ಕಾರಿನಲ್ಲಿ ಎರಡೂವರೆ ಗಂಟೆ ಸಾಕು. ಈ ಊರು ಉತ್ತರ ಕೆರೊಲಿನಾಕ್ಕೆ ಸೇರಿದ್ದು, ರಾಜ್ಯದ ಗಡಿ ದಾಟಿದರೆ ವರ್ಜೀನಿಯಾ. ಬೆಂಗಳೂರಿನಿಂದ ನೇರ ಬರುವವರು ಷಾರ್ಲೆಟ್ ವಿಮಾನ ನಿಲ್ದಾಣದಲ್ಲಿ ಇಳಿದು ಬಾಡಿಗೆ ಕಾರು ಹಿಡಿಯುವುದು ವಾಸಿ; 77ನೇ ಹೆದ್ದಾರಿ ನೇರ ಉತ್ತರಕ್ಕೆ ಒಯ್ಯುತ್ತದೆ. ಕಾರಿಲ್ಲದೆ ಈ ಪ್ರವಾಸದ ಮಾತೇ ಇಲ್ಲ, ಈ ಊರುಗಳ ನಡುವೆ ಬಸ್ಸನ್ನು ನಂಬಿಕೊಳ್ಳುವಂತಿಲ್ಲ. ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ಹೊರಡುವ ಮೊದಲೇ ಆರ್‌ಟಿಒದಿಂದ ಮಾಡಿಸಿಕೊಳ್ಳಿ.

ಮೌಂಟ್ ಏರಿಯ ಹಳೆಯ ಅರ್ಲ್ ಚಿತ್ರಮಂದಿರದಲ್ಲಿ ಗುರುವಾರ ಸಂಜೆ ಜಾಮ್ ನಡೆಯುತ್ತದೆ. ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಅದೇ ವೇದಿಕೆಯಿಂದ ಡಬ್ಲ್ಯುಪಿಎಕ್ಯು ರೇಡಿಯೊದವರ ‘ಮೆರಿ-ಗೋ-ರೌಂಡ್’ ಕಾರ್ಯಕ್ರಮ ನೇರ ಪ್ರಸಾರವಾಗುತ್ತದೆ. 1948ರಿಂದ ನಡೆಯುತ್ತಿರುವ ನಿಲಯ ಅದು. ಕಾರಿನಲ್ಲಿ ಎಎಂ 740 ಹಾಕಿಕೊಂಡು ಊರಿನತ್ತ ಬನ್ನಿ. ಯಾರ ಮನೆಯಲ್ಲಿ ಸಾವಾಗಿದೆ, ಯಾವ ಚರ್ಚಿನಲ್ಲಿ ಯಾರ ಹಾಡಿದೆ, ಎಲ್ಲ ತಿಳಿಯುತ್ತದೆ.

ಶುಕ್ರವಾರದ ಫ್ಲಾಯ್ಡ್ ನನಗೆ ಎಲ್ಲಕ್ಕಿಂತ ಇಷ್ಟ. ಇಡೀ ಕೌಂಟಿಗೆ ಒಂದೇ ಸಿಗ್ನಲ್ ದೀಪ. ಅದರ ಹತ್ತಿರದಲ್ಲೇ ಫ್ಲಾಯ್ಡ್ ಕಂಟ್ರಿ ಸ್ಟೋರ್ ಎಂಬ ಅಂಗಡಿ. ಸಂಜೆ ಆರೂವರೆಗೆ ಶುರುವಾದರೆ ಮೊದಲ ಒಂದು ಗಂಟೆ ಭಕ್ತಿಗೀತೆ, ಆ ಹೊತ್ತಿನಲ್ಲಿ ಯಾರೂ ಕುಣಿಯುವುದಿಲ್ಲ. ಅದು ಮುಗಿಯುತ್ತಿದ್ದಂತೆ ಮುಂದಿನ ಸಾಲಿನ ಅಜ್ಜಿಯರು ಕೈಚೀಲ ಬಿಚ್ಚಿ, ಅಟ್ಟೆಗೆ ಲೋಹದ ತಗಡು ಬಡಿದ ಬೂಟು ಹಾಕಿಕೊಳ್ಳುತ್ತಾರೆ. ಮರದ ನೆಲದ ಮೇಲೆ ಇಪ್ಪತ್ತು ಮೂವತ್ತು ಜೋಡಿ ಬೂಟು ಒಟ್ಟಿಗೆ ಬಡಿದಾಗ ಬೇಸ್ ವಾದ್ಯ ಕೇಳಿಸುವುದೇ ಇಲ್ಲ. ಸೊಂಟದ ಮೇಲಿನ ಮೈ ಅಲುಗಾಡಿಸದೆ, ಕೈಗಳನ್ನು ಇಳಿಬಿಟ್ಟು, ಪಾದದಲ್ಲಷ್ಟೇ ಲೆಕ್ಕ ಹಾಕುವ ಕುಣಿತ ಅದು. ನಿಮ್ಮನ್ನು ಎಳೆದರೆ ಹೋಗಿ, ಮೊದಲ ಸಾಲಿನ ಕುರ್ಚಿಗಳನ್ನು ಮಾತ್ರ ಕುಣಿಯುವವರಿಗೇ ಬಿಡಿ. ಬೇಸಿಗೆಯಲ್ಲಿ ಒಳಗೆ ಜಾಗ ಸಿಗದಿದ್ದರೂ ನಿರಾಸೆ ಬೇಡ. ಹೊರಗೆ ಕಾಲುದಾರಿಯುದ್ದಕ್ಕೂ, ಓಣಿಗಳಲ್ಲಿಯೂ ಗುಂಪುಗುಂಪಾಗಿ ನುಡಿಸುತ್ತಿರುತ್ತಾರೆ. ನಾನಂತೂ ಅರ್ಧ ಹೊತ್ತು ಹೊರಗೇ ಇರುತ್ತೇನೆ.

ಶನಿವಾರ ಮೌಂಟ್ ಏರಿಗೆ ಮರಳಿ ರೇಡಿಯೊ ಕಾರ್ಯಕ್ರಮ ಮುಗಿಸಿ ಪಶ್ಚಿಮಕ್ಕೆ ಹೊರಟರೆ ಎರಡೂವರೆ, ಮೂರು ಗಂಟೆಯಲ್ಲಿ ಬ್ರಿಸ್ಟಲ್ ದಾಟಿ ಹಿಲ್ಟನ್ಸ್ ಸೇರಬಹುದು. ಬ್ರಿಸ್ಟಲ್‌ನ ಮುಖ್ಯ ಬೀದಿಯ ಒಂದು ಮಗ್ಗುಲು ಟೆನೆಸಿ, ಇನ್ನೊಂದು ವರ್ಜೀನಿಯಾ. 1927ರ ಬೇಸಿಗೆಯಲ್ಲಿ ರೆಕಾರ್ಡ್ ಕಂಪನಿಯ ಪರವಾಗಿ ರಾಲ್ಫ್ ಪಿಯರ್ ಇಲ್ಲಿ ಧ್ವನಿಮುದ್ರಣ ಯಂತ್ರ ಹೂಡಿ ಬೆಟ್ಟದ ಗಾಯಕರನ್ನು ಕರೆಸಿಕೊಂಡ. ಕಾರ್ಟರ್ ಕುಟುಂಬ, ಜಿಮ್ಮಿ ರಾಜರ್ಸ್ ಜಗತ್ತಿಗೆ ಗೊತ್ತಾದದ್ದು ಆ ಮುದ್ರಣಗಳಿಂದ. ಅದರ ವಸ್ತುಸಂಗ್ರಹಾಲಯಕ್ಕೆ ಕನಿಷ್ಠ ಎರಡು ಗಂಟೆ ಇಟ್ಟುಕೊಳ್ಳಿ. ಎರಡು ಗಂಟೆ ಇಲ್ಲದಿದ್ದರೆ ಬಿಟ್ಟುಬಿಡಿ, ಹಿಲ್ಟನ್ಸ್‌ಗೆ ತಡವಾಗಬಾರದು.

ಹಿಲ್ಟನ್ಸ್‌ನ ಕಾರ್ಟರ್ ಫ್ಯಾಮಿಲಿ ಫೋಲ್ಡ್ ಕೊಟ್ಟಿಗೆಯಂಥ ದೊಡ್ಡ ಸಭಾಂಗಣ. ಆ ಕಾರ್ಟರ್ ಕುಟುಂಬದ ಎ.ಪಿ. ಕಾರ್ಟರ್ ನಡೆಸುತ್ತಿದ್ದ ಅಂಗಡಿಯ ಪಕ್ಕದಲ್ಲಿ ಅವರ ಮಗಳು ಜ್ಯಾನೆಟ್ ಕಟ್ಟಿಸಿದ್ದು. ಶನಿವಾರ ರಾತ್ರಿ ಏಳೂವರೆಗೆ ಕಛೇರಿ. ಮದ್ಯ ಇಲ್ಲ, ವಿದ್ಯುತ್ ವಾದ್ಯಗಳಿಗೂ ಪ್ರವೇಶವಿಲ್ಲ. ಎರಡನೆಯ ನಿಯಮ ಸಡಿಲವಾದದ್ದು ಮನೆಯ ಅಳಿಯ ಜಾನಿ ಕ್ಯಾಶ್‌ಗೆ. ಅವರು ಕೊನೆಯದಾಗಿ ಸಾರ್ವಜನಿಕವಾಗಿ ಹಾಡಿದ್ದೂ ಇದೇ ವೇದಿಕೆಯಲ್ಲಿ, 2003ರ ಜುಲೈ 5ರಂದು. ಮಕ್ಕಳನ್ನು ಧೈರ್ಯವಾಗಿ ಕರೆದೊಯ್ಯಬಹುದಾದ ಜಾಗ.

ಭಾನುವಾರ ಬೆಳಿಗ್ಗೆ ಊರೆಲ್ಲ ಚರ್ಚಿನಲ್ಲಿರುತ್ತದೆ, ಅಂಗಡಿಗಳು ಮುಚ್ಚಿರುತ್ತವೆ. ಮರಳುವ ದಾರಿಯಲ್ಲಿ ಬೆಟ್ಟಸಾಲಿನ ಮೇಲೆ ಸಾಗುವ ಬ್ಲೂ ರಿಡ್ಜ್ ಪಾರ್ಕ್‌ವೇ ರಸ್ತೆಯ 213ನೇ ಮೈಲಿಗಲ್ಲಿನ ಬ್ಲೂ ರಿಡ್ಜ್ ಮ್ಯೂಸಿಕ್ ಸೆಂಟರ್‌ನಲ್ಲಿ ನಿಲ್ಲಿ. ಬೇಸಿಗೆ ಹಂಗಾಮಿನಲ್ಲಿ ಹನ್ನೆರಡರಿಂದ ನಾಲ್ಕರವರೆಗೆ ಸ್ಥಳೀಯರು ನೆರಳಿನಲ್ಲಿ ಕೂತು ಉಚಿತವಾಗಿ ನುಡಿಸುತ್ತಾರೆ. ಯಾವ ಯಾವ ದಿನ ತೆರೆದಿರುತ್ತದೆ ಎಂಬುದನ್ನು ಆ ವರ್ಷದ ಪಟ್ಟಿಯಲ್ಲೇ ಖಚಿತಪಡಿಸಿಕೊಳ್ಳಿ. ಬ್ಯಾಂಜೋ ಎಂಬ ವಾದ್ಯ ಗುಲಾಮರಾಗಿ ತರಲ್ಪಟ್ಟ ಆಫ್ರಿಕನ್ನರ ಸೋರೆಬುರುಡೆ ವಾದ್ಯಗಳಿಂದ ಬೆಳೆದದ್ದು ಎಂಬ ಕಥೆಯನ್ನು ಅಲ್ಲಿಯ ಪ್ರದರ್ಶನ ಮುಚ್ಚುಮರೆಯಿಲ್ಲದೆ ಹೇಳುತ್ತದೆ.

ಆಗಸ್ಟ್ ಎರಡನೆಯ ವಾರ ಬಿಡುವಿದ್ದರೆ ಮೇಲಿನದೆಲ್ಲ ಮರೆತು ಗೇಲ್ಯಾಕ್ಸ್‌ಗೆ ಹೋಗಿ. 1935ರಲ್ಲಿ ಆರಂಭವಾದ ಓಲ್ಡ್ ಫಿಡ್ಲರ್ಸ್ ಕನ್ವೆನ್ಷನ್ ಅಲ್ಲಿಯ ಫೆಲ್ಟ್ಸ್ ಪಾರ್ಕ್ ಮೈದಾನದಲ್ಲಿ ವಾರವಿಡೀ ನಡೆಯುತ್ತದೆ. ವೇದಿಕೆಯ ಮೇಲೆ ಸ್ಪರ್ಧೆ. ಬ್ಲೂಗ್ರಾಸ್ ಬ್ಯಾಂಜೋಗೆ ಬೇರೆ, ಓಲ್ಡ್‌ಟೈಮ್ ಬ್ಯಾಂಜೋಗೆ ಬೇರೆ, ಫಿಡಲ್‌ಗೂ ಹಾಗೆಯೇ. ನನಗೆ ಕೇಳಿದರೆ ವೇದಿಕೆಯನ್ನು ಒಂದು ಗಂಟೆ ನೋಡಿ ಹಿಂಬದಿಯ ಡೇರೆಗಳತ್ತ ನಡೆಯಿರಿ. ರಾತ್ರಿ ಎರಡಾದರೂ ಅಲ್ಲಿ ಸದ್ದಡಗುವುದಿಲ್ಲ.

ಅಂಥದೊಂದು ಡೇರೆಯ ಅಂಚಿನಲ್ಲಿ ನನ್ನ ಹೆಂಡತಿ ತನ್ನ ಪಿಟೀಲಿನ ಶ್ರುತಿ ಸರಿಮಾಡುತ್ತಿದ್ದಳು. ಅವಳು ಕಲಿತದ್ದು ಕರ್ನಾಟಕ ಸಂಗೀತ; ನಾಲ್ಕು ತಂತಿ ಎಂದರೆ ಸ-ಪ-ಸ-ಪ. ಎದುರಿಗಿದ್ದ ಮುದುಕರು ಕಮಾನು ಇಳಿಸಿ ಕಿವಿಗೊಟ್ಟರು. ಫಿಡಲ್‌ಗೆ ಸಾಮಾನ್ಯ ಶ್ರುತಿ ಜಿ-ಡಿ-ಎ-ಇ. ಆದರೆ ಕೆಲವು ಹಳೆಯ ಮಟ್ಟುಗಳಿಗೆ ಕೆಳಗಿನ ಎರಡು ತಂತಿಗಳನ್ನು ಏರಿಸಿ ಎ-ಇ-ಎ-ಇ ಮಾಡಿಕೊಳ್ಳುತ್ತಾರೆ. ಅದು ನಮ್ಮ ಸ-ಪ-ಸ-ಪ ಅಲ್ಲದೆ ಬೇರೇನೂ ಅಲ್ಲ. ಅವಳು ಷಡ್ಜವನ್ನು ಐದರಿಂದ ಆರಕ್ಕೆ, ಅಂದರೆ ಜಿಯಿಂದ ಎಗೆ, ಏರಿಸಿಕೊಂಡು, ಹುಲ್ಲಿನ ಮೇಲೆ ಚಕ್ಕಳಮಕ್ಕಳ ಹಾಕಿ, ಪಿಟೀಲಿನ ತುದಿಯನ್ನು ಪಾದದ ಗಂಟಿಗೆ ಆನಿಸಿ ಕುಳಿತಳು. ಮಟ್ಟಿಗೆ ಎರಡೇ ಭಾಗ, ಒಂದೊಂದೂ ಎರಡೆರಡು ಸಲ, ಮತ್ತೆ ಮೊದಲಿನಿಂದ. ಐದಾರು ಸುತ್ತಿಗೆ ಅದು ಅವಳ ಕೈಗೆ ಬಂತು. ಗಾಂಧಾರದ ಮೇಲೆ ಗಮಕವೂ ನುಸುಳಿತು. ಮುದುಕರು ನುಡಿಸುತ್ತಲೇ ಹುಬ್ಬೇರಿಸಿ, ಇರಲಿ ಎಂಬಂತೆ ತಲೆಯಾಡಿಸಿದರು.

ಪಿಟೀಲು, ಗಿಟಾರ್ ಬಲ್ಲವರು ವಾದ್ಯ ತೆಗೆದುಕೊಂಡೇ ಹೋಗಿ ಎಂದು ಹೇಳುವುದು ಇದಕ್ಕೇ. ಆದರೆ ವೃತ್ತಕ್ಕೆ ನುಗ್ಗಬೇಡಿ. ಮೊದಲು ಹೊರಸುತ್ತಿನಲ್ಲಿ ನಿಂತು ಮೆಲ್ಲಗೆ ನುಡಿಸಿ; ಯಾರಾದರೂ ಕುರ್ಚಿ ಸರಿಸಿ ಕರೆಯುತ್ತಾರೆ. ಹಾಡು ಆರಿಸುವುದು, ಶ್ರುತಿ ಹೇಳುವುದು ಆ ಸರದಿಯವರ ಹಕ್ಕು. ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ತಿಳಿಯದಿದ್ದರೆ ಗಿಟಾರಿನವರ ಎಡಗೈ ನೋಡುತ್ತಿರಿ, ಬ್ಯಾಂಜೋ ನೋಡಿದರೆ ತಲೆ ಕೆಡುತ್ತದೆ. ಬ್ಲೂಗ್ರಾಸ್‌ನಲ್ಲಿ ನಿಮ್ಮತ್ತ ಗೋಣು ಹಾಕಿದರೆ ಒಂದು ಸುತ್ತು ನೀವೇ ನುಡಿಸಿ ಎಂದರ್ಥ. ಬೇಡವಾದರೆ ತಲೆ ಅಲ್ಲಾಡಿಸಿ, ಪಕ್ಕದವರಿಗೆ ದಾಟುತ್ತದೆ. ಮುಂದಾಳು ಕಾಲೆತ್ತಿದರೆ ಇದೇ ಕೊನೆಯ ಸುತ್ತು. ಎರಡು ಹಾಡುಗಳ ನಡುವೆ ಸುಮ್ಮನೆ ತಂತಿ ಮೀಟುತ್ತ ಕೂರುವುದನ್ನು ಯಾರೂ ಸಹಿಸುವುದಿಲ್ಲ. ಗಿಟಾರಿಗೆ ಕಚ್ಚಿಸುವ ಟ್ಯೂನರ್, ತಂತಿಗಳನ್ನು ಒತ್ತಿಹಿಡಿದು ಶ್ರುತಿ ಏರಿಸುವ ಕೇಪೊ ಎರಡೂ ಜೇಬಿನಲ್ಲಿರಲಿ. ಅಂದ ಹಾಗೆ, ಆ ವೃತ್ತದ ಗಿಟಾರುಗಳ ಬೆನ್ನನ್ನು ಒಮ್ಮೆ ಗಮನಿಸಿ. 1969ರ ಆಸುಪಾಸಿನಿಂದ ಮಾರ್ಟಿನ್ ಕಂಪನಿ ತನ್ನ ಹೆಸರಾಂತ ಡಿ-28ಕ್ಕೆ ಬಳಸುತ್ತ ಬಂದದ್ದು ಭಾರತದ ಬೀಟೆ ಮರ.

ಕಲಿಯಲೆಂದೇ ಹೋಗುವವರು ಎರಡು ಬಗೆಯ ಕಾರ್ಯಾಗಾರಗಳನ್ನು ಬೇರ್ಪಡಿಸಿ ನೋಡಬೇಕು. ಏಪ್ರಿಲ್ ಕೊನೆಯಲ್ಲಿ ವಿಲ್ಕ್ಸ್‌ಬರೊದಲ್ಲಿ ನಡೆಯುವ ಮರ್ಲ್‌ಫೆಸ್ಟ್‌ನಂಥ ಉತ್ಸವಗಳಲ್ಲಿ ಕಾರ್ಯಾಗಾರವೆಂದರೆ ಕಲಾವಿದರು ಕೂತು ನುಡಿಸಿ ತೋರಿಸಿ, ಪ್ರಶ್ನೆಗೆ ಉತ್ತರಿಸುವುದು. ಕೇಳಲು ಸೊಗಸು, ಅದರಿಂದ ಕೈ ತಿರುಗುವುದಿಲ್ಲ. ಕೈ ತಿರುಗಬೇಕಾದರೆ ವಾರದ ಶಿಬಿರ. ಆ್ಯಶ್‌ವಿಲ್ ಬಳಿಯ ವಾರನ್ ವಿಲ್ಸನ್ ಕಾಲೇಜಿನಲ್ಲಿ ಬೇಸಿಗೆಯಲ್ಲಿ ಸ್ವಾನನೋವಾ ಗ್ಯಾದರಿಂಗ್ ನಡೆಯುತ್ತದೆ. ಫಿಡಲ್‌ಗೆ ಒಂದು ವಾರ, ಮ್ಯಾಂಡೊಲಿನ್-ಬ್ಯಾಂಜೋಗೆ ಒಂದು, ಗಿಟಾರಿಗೆ ಒಂದು. ತೀರ ಹೊಸಬರಿಗೆ ಬ್ಯಾಂಜೋ ವಾದಕ ಪೀಟ್ ವರ್ನಿಕ್ ರೂಪಿಸಿದ ಜಾಮ್ ಶಿಬಿರಗಳು ಹೇಳಿಮಾಡಿಸಿದಂತಿವೆ. ಜಿ, ಸಿ, ಡಿ, ಎ ಕಾರ್ಡ್‌ಗಳನ್ನು ತಡವರಿಸದೆ ಬದಲಿಸಬಲ್ಲಿರಾದರೆ ಸಾಕು. ಎಲ್ಲೆಡೆ ಕಿವಿಯಿಂದಲೇ ಪಾಠ, ಸ್ವರಲಿಪಿ ವಿರಳ. ನಮ್ಮ ಗುರುಗಳ ಮುಂದೆ ಕೂತು ಕಲಿತವರಿಗೆ ಇದು ಕಷ್ಟವೇ ಅಲ್ಲ, ಪಾಶ್ಚಾತ್ಯ ಪಿಯಾನೊ ಕಲಿತ ಮಕ್ಕಳು ಮೊದಲ ದಿನ ಚಡಪಡಿಸುತ್ತಾರೆ.

ಸಸ್ಯಾಹಾರಿಗಳಿಗೆ ಕಿವಿಮಾತು: ಬೇಯಿಸಿದ ಕಾಳು, ಹುರುಳಿಕಾಯಿ ಎಂದು ಪಟ್ಟಿಯಲ್ಲಿದ್ದರೆ ಅದರಲ್ಲಿ ಹಂದಿಮಾಂಸದ ತುಂಡು ಬಿದ್ದಿರುವ ಸಂಭವವೇ ಹೆಚ್ಚು. ಮೆಕ್ಕೆಜೋಳದ ಬ್ರೆಡ್ಡಿಗೂ ಅದೇ ಕೊಬ್ಬು ಸವರಿರಬಹುದು. ನಾಚದೆ ಕೇಳಿ, ಕೇಳಿದರೆ ನಿಜ ಹೇಳುತ್ತಾರೆ. ಗೇಲ್ಯಾಕ್ಸ್‌ನಲ್ಲಿ ಮೆಕ್ಸಿಕನ್ ಹೋಟೆಲುಗಳಿವೆ, ಅಲ್ಲಿ ಹೊಟ್ಟೆಗೆ ಏನಾದರೂ ಸಿಗುತ್ತದೆ. ನಾವು ಪುಳಿಯೋಗರೆ, ಚಪಾತಿ ಕಟ್ಟಿಕೊಂಡು, ಮೊಸರನ್ನು ಐಸ್ ಪೆಟ್ಟಿಗೆಯಲ್ಲಿಟ್ಟು ಹೊರಡುತ್ತೇವೆ.

ಪಾರ್ಕ್‌ವೇ ನೋಡಲು ಚೆಂದ, ತಲುಪಲು ನಿಧಾನ. ವೇಗದ ಮಿತಿ ಗಂಟೆಗೆ 45 ಮೈಲಿ, ದಾರಿಯ ಮೇಲೆ ಎಲ್ಲೂ ಪೆಟ್ರೋಲ್ ಸಿಗುವುದಿಲ್ಲ. 2024ರ ಸೆಪ್ಟೆಂಬರಿನ ಹೆಲೀನ್ ಚಂಡಮಾರುತ ಉತ್ತರ ಕೆರೊಲಿನಾ ಭಾಗದ ರಸ್ತೆಯನ್ನು ಅಲ್ಲಲ್ಲಿ ಕೊಚ್ಚಿಹಾಕಿತು, ಹಾಗಾಗಿ ರಾಷ್ಟ್ರೀಯ ಉದ್ಯಾನ ಸೇವೆಯವರ ರಸ್ತೆ ಸ್ಥಿತಿಯನ್ನು ಹೊರಡುವ ಮುನ್ನ ನೋಡಿ. ಬೆಟ್ಟದ ತಿರುವುಗಳಲ್ಲಿ ಮೊಬೈಲ್ ಸಿಗ್ನಲ್ ಹೋಗುತ್ತದೆ, ನಕ್ಷೆಯನ್ನು ಮೊದಲೇ ಇಳಿಸಿಕೊಳ್ಳಿ. ಆಗಸ್ಟಿನಲ್ಲೂ ರಾತ್ರಿ ಸ್ವೆಟರ್ ಬೇಕು. ಮಡಚುವ ಕುರ್ಚಿ, ಮಳೆಯಂಗಿ, ಒಂದಿಷ್ಟು ಚಿಲ್ಲರೆ ನೋಟು ಕಾರಿನಲ್ಲಿರಲಿ. ಗೇಲ್ಯಾಕ್ಸ್ ವಾರಕ್ಕೆ ಕೋಣೆ ಬೇಕಾದವರು ಚಳಿಗಾಲದಲ್ಲೇ ಕಾದಿರಿಸಿ. ಊರೊಳಗೆ ಸಿಗದಿದ್ದರೆ ಹಿಲ್ಸ್‌ವಿಲ್, ವಿದ್‌ವಿಲ್, ಮೌಂಟ್ ಏರಿ ಈ ಮೂರರಲ್ಲಿ ಹುಡುಕಿ.