ಕವಾಯಿಯಿಂದ ಕಿಲವೆಯಾಗೆ: ಹಳೆಯ ದ್ವೀಪದಿಂದ ಹೊಸ ದ್ವೀಪಕ್ಕೆ

ಹವಾಯಿಗೆ ಹೋಗುವವರಲ್ಲಿ ಜಾಸ್ತಿ ಜನ ಹೊನೊಲುಲುವಿನಲ್ಲಿ ಇಳಿದು, ವೈಕೀಕಿ ಬೀಚ್ ನೋಡಿ, ಉಳಿದದ್ದನ್ನು ಆಮೇಲೆ ಯೋಚಿಸುತ್ತಾರೆ. ನಮ್ಮ ಪ್ರವಾಸದ ಯೋಜನೆ ನನ್ನ ಅಕ್ಕನ ಮಗಳದ್ದು. ಭೂವಿಜ್ಞಾನ ಓದುತ್ತಿರುವ ಹುಡುಗಿ. "ಮಾಮ, ಕವಾಯಿಯಿಂದ ಶುರು ಮಾಡೋಣ, ದೊಡ್ಡ ದ್ವೀಪದಲ್ಲಿ ಮುಗಿಸೋಣ. ಹಳೆಯದರಿಂದ ಹೊಸದಕ್ಕೆ" ಅಂದಳು. ಹಾಗೆಯೇ ಮಾಡಿದೆವು. ಇದಕ್ಕಿಂತ ಒಳ್ಳೆಯ ದಾರಿ ಇಲ್ಲ ಎಂದು ಈಗ ನನಗನ್ನಿಸುತ್ತದೆ.

ಕವಾಯಿ ಹಸಿರು ದ್ವೀಪ. ಆದರೆ ವೈಮೇಯಾ ಕಣಿವೆಯ ಅಂಚಿಗೆ ಬಂದರೆ ಕಾಣುವುದು ಕೆಂಪು. ಮಳೆಯೂ ಹೊಳೆಯೂ ಸೇರಿ ಸುಮಾರು 900 ಮೀಟರ್ ಆಳಕ್ಕೆ ಕೊರೆದಿವೆ. ಗೋಡೆಯಲ್ಲಿ ಲಾವಾದ ಪದರಗಳು ಒಂದರ ಮೇಲೊಂದು ಎಣಿಸುವಷ್ಟು ಸ್ಪಷ್ಟ. ದಾರಿ ಬದಿಯ ಮಣ್ಣನ್ನು ಹಿಡಿದು ಉಜ್ಜಿದೆ. ನುಣ್ಣಗೆ ಪುಡಿಯಾಗಿ ಬೆರಳಿಗೆ ಕೆಂಪು ಅಂಟಿತು, ತೊಳೆದರೂ ಉಗುರಿನ ಸಂದಿಯಲ್ಲಿ ಉಳಿಯಿತು. ಇದೂ ಒಂದು ಕಾಲದಲ್ಲಿ ಕರಿ ಬಸಾಲ್ಟ್, ಅಂದರೆ ಲಾವಾ ಆರಿ ಗಟ್ಟಿಯಾದ ಕಲ್ಲೇ. ಸುಮಾರು 50 ಲಕ್ಷ ವರ್ಷ ಗಾಳಿ, ನೀರು ಬಿದ್ದು ಅದರೊಳಗಿನ ಕಬ್ಬಿಣ ತುಕ್ಕು ಹಿಡಿದಿದೆ.

ಒವಾಹು ದ್ವೀಪದಲ್ಲಿ ಹೆಚ್ಚು ನಿಲ್ಲಲಿಲ್ಲ. ಅದರ ವಯಸ್ಸು ಸುಮಾರು 30 ಲಕ್ಷ ವರ್ಷ. ಮಾವಿಯಲ್ಲಿ ಹಲೆಯಾಕಲಾ ಹತ್ತಿದೆವು. 3,000 ಮೀಟರ್ ಎತ್ತರ, ಬೆಳಗಿನ ಜಾವ ಹಲ್ಲು ಕಟಕಟ ಎನ್ನುವ ಚಳಿ. ಮಾವಿ ಹುಟ್ಟಿದ್ದು 10 ಲಕ್ಷ ವರ್ಷದ ಆಸುಪಾಸಿನಲ್ಲಿ. ಈ ಬೆಟ್ಟ ಕಳೆದ ಕೆಲವು ಶತಮಾನಗಳ ಹಿಂದೆಯೂ ಲಾವಾ ಉಗುಳಿದೆ, ಪೂರ್ತಿ ಆರಿಲ್ಲ. ದೊಡ್ಡ ದ್ವೀಪಕ್ಕೆ (ಅದರ ಹೆಸರೂ ಹವಾಯಿಯೇ) 10 ಲಕ್ಷ ವರ್ಷವೂ ತುಂಬಿಲ್ಲ. ಅಲ್ಲಿ ಕಿಲವೆಯಾ ಜ್ವಾಲಾಮುಖಿ ಇವತ್ತಿಗೂ ಆಗಾಗ ಉರಿಯುತ್ತದೆ.

ಹವಾಯಿಯ ಜನ ಇದನ್ನು ತಮ್ಮದೇ ರೀತಿಯಲ್ಲಿ ಹೇಳಿಕೊಂಡು ಬಂದಿದ್ದಾರೆ. ಬೆಂಕಿಯ ದೇವಿ ಪೆಲೆ ಮೊದಲು ಕವಾಯಿಯಲ್ಲಿ ಮನೆ ಮಾಡಲು ನೋಡಿದಳಂತೆ. ಸಮುದ್ರದ ಒಡತಿಯಾದ ಅವಳ ಅಕ್ಕ ಅಟ್ಟಿಸಿಕೊಂಡು ಬಂದಳು. ಪೆಲೆ ಒಂದೊಂದೇ ದ್ವೀಪ ದಾಟಿ ಕೊನೆಗೆ ಕಿಲವೆಯಾದ ಹಲೆಮಾವುಮಾವು ಕುಂಡದಲ್ಲಿ ನೆಲೆಸಿದಳು. ದ್ವೀಪಗಳ ವಯಸ್ಸಿನ ಕ್ರಮ ಕಥೆಯಲ್ಲಿ ಸರಿಯಾಗಿಯೇ ಇದೆ. ಕಲ್ಲಿನ ವಯಸ್ಸು ಅಳೆಯುವ ಉಪಕರಣ ಯಾವುದೂ ಇಲ್ಲದ ಕಾಲದಲ್ಲಿ ಬರಿಗಣ್ಣಿನಿಂದ ನೆಲ ನೋಡಿದವರು ಅವರು.

ನಾವು ಕಿಲವೆಯಾಗೆ ಹೋದಾಗ ಲಾವಾ ಚಿಮ್ಮುವುದು ನಿಂತಿತ್ತು. ಕುಂಡದಿಂದ ಬಿಳಿ ಹೊಗೆ ಮಾತ್ರ, ಜೊತೆಗೆ ಗಂಧಕದ ಘಾಟು. ರಸ್ತೆ ಬದಿಯ ಹುಲ್ಲಿನಲ್ಲಿ ಹೊಂಬಣ್ಣದ ಎಳೆಗಳು ಸಿಕ್ಕಿಕೊಂಡಿದ್ದವು. ಅದಕ್ಕೆ 'ಪೆಲೆಯ ಕೂದಲು' ಎನ್ನುತ್ತಾರೆ. ಚಿಮ್ಮಿದ ಲಾವಾ ಗಾಳಿಗೆ ಎಳೆಯಾಗಿ ಆರಿ ಗಾಜಾದದ್ದು. ಬಗ್ಗಿ ನೋಡಿದರೆ ಬಿಸಿಲಿಗೆ ಮಿಂಚುತ್ತದೆ, ಆದರೆ ಮುಟ್ಟಬಾರದು, ಚರ್ಮಕ್ಕೆ ಚುಚ್ಚಿ ಮುರಿಯುತ್ತದೆ. ಕವಾಯಿಯ ಕೆಂಪು ಪುಡಿ ಮತ್ತು ಈ ಗಾಜು, ಎರಡೂ ಹೆಚ್ಚುಕಡಿಮೆ ಒಂದೇ ಬಗೆಯ ಲಾವಾ.

ಕವಾಯಿಯೂ ಹಿಂದೆ ಕಿಲವೆಯಾ ಇರುವ ಜಾಗದಲ್ಲೇ ಹುಟ್ಟಿ ಸರಿದು ಹೋಗಿದ್ದರೆ ಅದರ ವೇಗವೆಷ್ಟು ಎಂದು ಅಲ್ಲೇ ಕಟ್ಟೆಯ ಮೇಲೆ ಕೂತು ಲೆಕ್ಕ ಮಾಡಿದೆವು. ಕಿಲವೆಯಾದಿಂದ ಕವಾಯಿಗೆ ಸುಮಾರು 500 ಕಿಲೋಮೀಟರ್, ಅಂದರೆ 5 ಕೋಟಿ ಸೆಂಟಿಮೀಟರ್. ಅದನ್ನು 50 ಲಕ್ಷ ವರ್ಷದಿಂದ ಭಾಗಿಸಿದರೆ ವರ್ಷಕ್ಕೆ 10 ಸೆಂಟಿಮೀಟರ್. ಒರಟು ಲೆಕ್ಕವೇ. ಆದರೆ ಜಿಪಿಎಸ್ ಅಳತೆಗಳೂ ಹವಾಯಿಯ ನೆಲ ವರ್ಷಕ್ಕೆ 7 ಸೆಂಟಿಮೀಟರ್‌ನಷ್ಟು ವಾಯವ್ಯಕ್ಕೆ ಸರಿಯುತ್ತಿದೆ ಎನ್ನುತ್ತವೆ. ದಿಕ್ಕು ಅದೇ, ವೇಗವೂ ಬಹಳ ದೂರವಿಲ್ಲ. ಕಾಗದದ ಚೂರೊಂದರ ಮೇಲೆ ಇಷ್ಟು ಸಿಕ್ಕಿತಲ್ಲ ಎಂದು ನನಗೆ ನಿಜಕ್ಕೂ ಖುಷಿಯಾಯಿತು.

"ಹಾಗಾದ್ರೆ ಬೆಂಕಿ ಓಡಾಡ್ತಿಲ್ಲ, ನಾವು ಕೂತಿರೋ ನೆಲ ಓಡಾಡ್ತಿದೆ ಅಲ್ವಾ?" ಎಂದೆ.

"ಟೈಲರ್ ಮಷೀನು ನೆನಪು ಮಾಡ್ಕೋ ಮಾಮ. ಸೂಜಿ ಇದ್ದಲ್ಲೇ ಇರತ್ತೆ, ಬಟ್ಟೆ ಸರಿಯತ್ತೆ, ಹೊಲಿಗೆ ಸಾಲಾಗಿ ಬೀಳತ್ತೆ."

ಕೆನಡಾದ ಭೂವಿಜ್ಞಾನಿ ಜೆ. ಟೂಜೋ ವಿಲ್ಸನ್ 1963ರಲ್ಲಿ ಹೇಳಿದ್ದು ಇದನ್ನೇ. ಆಳದಲ್ಲಿ ಒಂದು ಬಿಸಿ ತಾಣ, ಅಂದರೆ ಹಾಟ್‌ಸ್ಪಾಟ್. ಅದರ ಮೇಲೆ ಸರಿಯುವ ಪೆಸಿಫಿಕ್ ಪ್ಲೇಟ್, ಅಂದರೆ ಪೆಸಿಫಿಕ್ ಸಾಗರದ ತಳವನ್ನು ಹೊತ್ತ ಭೂಮಿಯ ಹೊರಚಿಪ್ಪಿನ ದೊಡ್ಡ ತುಂಡು. ದೊಡ್ಡ ಪತ್ರಿಕೆಗಳು ಆ ಲೇಖನ ಬೇಡ ಎಂದವು, ಕೊನೆಗೆ ಕೆನಡಾದ ಭೌತವಿಜ್ಞಾನ ಪತ್ರಿಕೆ ಅಚ್ಚು ಹಾಕಿತು. ಸಾಲು ಕವಾಯಿಗೆ ಮುಗಿಯುವುದೂ ಇಲ್ಲ. ಮುಳುಗಿದ ಬೆಟ್ಟಗಳಾಗಿ ರಷ್ಯಾದ ಪೂರ್ವ ತುದಿಯ ಕಮ್ಚಾಟ್ಕಾದ ಹತ್ತಿರದವರೆಗೆ ಹೋಗುತ್ತದೆ. ನಡುವೆ ಒಂದು ದೊಡ್ಡ ತಿರುವು, ಸುಮಾರು 4.7 ಕೋಟಿ ವರ್ಷ ಹಿಂದಿನದು. ಪ್ಲೇಟ್ ದಿಕ್ಕು ಬದಲಿಸಿದ್ದೇ ಇದಕ್ಕೆ ಕಾರಣ ಎಂದು ಮೊದಲು ತಿಳಿದಿದ್ದರು. ಸಮುದ್ರದಡಿ ಕೊರೆದು ತೆಗೆದ ಕಲ್ಲುಗಳು ಇನ್ನೊಂದು ವಿಷಯ ತೋರಿಸಿದವು: ಅದಕ್ಕೂ ಹಿಂದಿನ ಕಾಲದಲ್ಲಿ ಬಿಸಿ ತಾಣವೇ ದಕ್ಷಿಣಕ್ಕೆ ಸರಿದಿತ್ತು. ಸೂಜಿಯೂ ಸ್ವಲ್ಪ ಅಲುಗುತ್ತದೆ ಎಂದಾಯಿತು.

ವಿಜಯಪುರದ ಕಡೆಯವನಾದ ನನಗೆ ಆ ಕರಿಕಲ್ಲು ಹೊಸದೇನಲ್ಲ. ಗೋಳಗುಮ್ಮಟದ ಕಲ್ಲೂ ಬಸಾಲ್ಟೇ. ಸುಮಾರು 6.6 ಕೋಟಿ ವರ್ಷ ಹಿಂದೆ ದಖ್ಖನ್ನಿನಲ್ಲಿ ಹರಿದ ಲಾವಾದ ತೆಂಕಣ ಅಂಚು ನಮ್ಮ ಉತ್ತರ ಕರ್ನಾಟಕ. ಅದಕ್ಕೆ ಕಾರಣವಾದ ಬಿಸಿ ತಾಣ ಈಗ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ ಕೆಳಗಿದೆ ಎಂದು ಬಹಳ ಭೂವಿಜ್ಞಾನಿಗಳು ಹೇಳುತ್ತಾರೆ. ನಡುವೆ ಲಕ್ಷದ್ವೀಪ, ಮಾಲ್ಡೀವ್ಸ್, ಚಾಗೋಸ್ ಸಾಲು. ಭಾರತ ಉತ್ತರಕ್ಕೆ ಬಂದ ದಾರಿಯ ಗುರುತು ಅದು.

ದೊಡ್ಡ ದ್ವೀಪದ ಹಿಲೊ ಊರು ಬೇರೆಯೇ ಪಾಠ ಹೇಳಿತು. ಸಮುದ್ರದ ಎದುರು ಒಂದು ಹಸಿರು ಬಣ್ಣದ ಗಡಿಯಾರ ನಿಂತಿದೆ, ಮುಳ್ಳುಗಳು 1:04ಕ್ಕೆ. 1960ರ ಮೇ 23ರ ನಡುರಾತ್ರಿಯ ನಂತರ ಸುನಾಮಿ ಬಡಿದ ಹೊತ್ತು ಅದು. ಭೂಕಂಪ ಆಗಿದ್ದು ಚಿಲಿಯಲ್ಲಿ, 9.5 ತೀವ್ರತೆ. ಅಲೆ ಸುಮಾರು 15 ಗಂಟೆ ಪ್ರಯಾಣ ಮಾಡಿ ಬಂದು ಹಿಲೊದಲ್ಲಿ 61 ಜನರನ್ನು ಕೊಂದಿತು. ಅದಕ್ಕೂ ಮೊದಲು 1946ರಲ್ಲಿ ಹಿಲೊಗೆ ಬಡಿದ ಸುನಾಮಿ ಬಂದದ್ದು ಅಲಾಸ್ಕಾ ಬಳಿಯ ಅಲ್ಯೂಶಿಯನ್ ದ್ವೀಪಗಳ ಕಡೆಯಿಂದ. ಸುನಾಮಿ ವಸ್ತುಸಂಗ್ರಹಾಲಯದ ಫೋಟೋಗಳ ಮುಂದೆ ನಾವಿಬ್ಬರೂ ಮಾತಾಡಲಿಲ್ಲ.

ಹೊರಗೆ ಬಂದು ಅವಳು ಫೋನಿನಲ್ಲಿ ಅಮೆರಿಕದ ಭೂವಿಜ್ಞಾನ ಸಂಸ್ಥೆಯ ಭೂಕಂಪ ನಕ್ಷೆ ತೆರೆದಳು. ಹವಾಯಿಯಲ್ಲೂ ನೆಲ ನಡುಗುತ್ತದೆ. 2018ರ ಮೇ 4ರಂದು 6.9 ತೀವ್ರತೆಯ ಕಂಪ ಆಗಿತ್ತು, ಆ ವರ್ಷದ ಲಾವಾ ಸುಮಾರು 700 ಮನೆ ನುಂಗಿತು. ಆದರೆ ಇಲ್ಲಿನ ನಡುಕ ನೆಲದಡಿಯಿಂದ ಮೇಲೇರುವ ಕರಗಿದ ಕಲ್ಲಿನದ್ದು, ಬೆಟ್ಟದ ಭಾರದ್ದು. ಪ್ಲೇಟಿನ ನಡುವೆ ಇದೊಂದೇ ಗುಂಪು. ಉಳಿದ ಚುಕ್ಕೆಗಳು ಹೆಚ್ಚುಕಡಿಮೆ ಎಲ್ಲ ಪೆಸಿಫಿಕ್‌ನ ಅಂಚಿನಲ್ಲಿ. ಜಪಾನಿನ ಮೇಲೆ ಒಂದೊಂದೇ ಚುಕ್ಕೆ ಒತ್ತಿ ಆಳ ನೋಡಿದೆವು. ಸಮುದ್ರದ ಕಂದಕದ ಬಳಿ ಆಳ ಕಡಿಮೆ. ಪಶ್ಚಿಮಕ್ಕೆ ಹೋದಂತೆ 100 ಕಿಲೋಮೀಟರ್, ರಷ್ಯಾ-ಚೀನಾ ಗಡಿಯ ಕೆಳಗೆ 500ಕ್ಕೂ ಹೆಚ್ಚು. ಇಳಿಜಾರಾಗಿ ಒಳಗೆ ಹೋಗುತ್ತಿರುವ ಪ್ಲೇಟ್ ಅದು. ಜಪಾನಿನ ಭೂಕಂಪ ವಿಜ್ಞಾನಿ ಕಿಯೋ ವಡಾಟಿ ಈ ಆಳದ ಭೂಕಂಪಗಳನ್ನು 1920ರ ದಶಕದಲ್ಲೇ ಗುರುತಿಸಿದ್ದರು. ಪ್ಲೇಟ್ ಸುಮಾರು 100 ಕಿಲೋಮೀಟರ್ ಆಳಕ್ಕೆ ಇಳಿದ ಜಾಗದ ನೇರ ಮೇಲೆ ಜಪಾನಿನ ಜ್ವಾಲಾಮುಖಿಗಳ ಸಾಲು ಎದ್ದಿದೆ. ಹವಾಯಿಯ ಜ್ವಾಲಾಮುಖಿ ಸಾಲು ಪ್ಲೇಟ್ ಎತ್ತ ಹೋಗುತ್ತಿದೆ ಎಂದು ಹೇಳಿದರೆ, ಜಪಾನಿನ ಭೂಕಂಪದ ಸಾಲು ಅದು ಎಲ್ಲಿ ಮುಗಿಯುತ್ತದೆ ಎಂದು ಹೇಳುತ್ತದೆ. 2025ರ ಜುಲೈನಲ್ಲಿ ಕಮ್ಚಾಟ್ಕಾದಲ್ಲಿ 8.8 ತೀವ್ರತೆಯ ಭೂಕಂಪ ಆಯಿತಲ್ಲ, ಹವಾಯಿಯ ಕರಾವಳಿಯ ಜನರೂ ಎತ್ತರದ ಜಾಗಕ್ಕೆ ಹೋಗಬೇಕಾಯಿತು. ಹವಾಯಿ ಸಾಲಿನ ಅತಿ ಹಳೆಯ ಬೆಟ್ಟಗಳು ಇರುವುದು ಅದೇ ಮೂಲೆಯಲ್ಲಿ.

ಹೋಗುವವರಿಗೆ ಒಂದೆರಡು ಮಾತು. ಹಲೆಯಾಕಲಾ ಸೂರ್ಯೋದಯಕ್ಕೆ ಮೊದಲೇ ಬುಕ್ ಮಾಡಬೇಕು, ದಪ್ಪ ಸ್ವೆಟರ್ ಇರಲಿ. ಕಿಲವೆಯಾ ಉಕ್ಕುತ್ತಿದೆಯೇ ಎಂದು ಹೊರಡುವ ಮುಂಚೆ ಅಲ್ಲಿನ ರಾಷ್ಟ್ರೀಯ ಉದ್ಯಾನದ ಜಾಲತಾಣ ನೋಡಿ. ಹಿಲೊವನ್ನು ಸುಮ್ನೆ ವಿಮಾನ ಹತ್ತುವ ಊರು ಎಂದುಕೊಳ್ಳಬೇಡಿ, ಆ ವಸ್ತುಸಂಗ್ರಹಾಲಯಕ್ಕೆ ಅರ್ಧ ದಿನ ಇಟ್ಟುಕೊಳ್ಳಿ.